ಮೊದಲು ಗಂಟೆ, ಆಮೇಲೆ ಲ್ಯಾಪ್ ಟೈಮ್

"ಹುಡುಗಿಗೆ ಡರ್ಟ್ ಬೈಕಾ? ಅಷ್ಟು ಶಕ್ತಿ ಎಲ್ಲಿಂದ ಬರತ್ತೆ?" ಈ ಮಾತನ್ನ ನಾವೆಲ್ಲ ಕೇಳಿದ್ದೇವೆ. ಉತ್ತರ ನಮ್ಮ ಬೆಂಗಳೂರಲ್ಲೇ ಇದೆ. ಇಲ್ಲಿನ ಐಶ್ವರ್ಯ ಪಿಸ್ಸೆ 2018ರಲ್ಲಿ ಸ್ಪೇನಿನ ಬಾಜಾ ರೇಸಿನಲ್ಲಿ ಬಿದ್ದು ಮೇದೋಜೀರಕ ಗ್ರಂಥಿಗೇ ಪೆಟ್ಟು ಮಾಡಿಕೊಂಡರು. ಮರುವರ್ಷ ದುಬೈ ಮರಳಿನಲ್ಲಿ ಗೆದ್ದು, ಒಟ್ಟು 65 ಅಂಕಗಳೊಂದಿಗೆ ಎಫ್‌ಐಎಂ ಬಾಜಾ ವಿಶ್ವಕಪ್‌ನ ಮಹಿಳಾ ವಿಭಾಗದ ಚಾಂಪಿಯನ್ ಆದರು.

ಶಕ್ತಿ ಬೇಕು, ನಿಜ. ಆದರೆ ಡರ್ಟ್ ಬೈಕನ್ನ ಬರೀ ತೋಳಿನ ಬಲದಲ್ಲಿ ಓಡಿಸೋಕಾಗಲ್ಲ. ಫುಟ್‌ಪೆಗ್ ಮೇಲೆ ನಿಂತು, ಮಂಡಿಯನ್ನೇ ಇನ್ನೊಂದು ಸಸ್ಪೆನ್ಷನ್ ಮಾಡಿಕೊಂಡು, ಮರಳು ಬಂದಾಗ ಮೈಭಾರ ಹಿಂದಕ್ಕೆ ಹಾಕಿ, ಥ್ರಾಟಲ್ ಬಿಡದೆ ಹೋಗಬೇಕು. ಇದು ಗಂಟೆಗಟ್ಟಲೆ ಅಭ್ಯಾಸದಿಂದ ಬರೋ ವಿದ್ಯೆ.

ಹುಡುಗಿಯರಿಗೆ ಸಿಗದೇ ಇರೋದು ಆ ಗಂಟೆಗಳೇ. ನಾಲ್ಕು ಚಕ್ರದ ಬಾಜಾ ಗಾಡಿ ಕಟ್ಟೋ ಕಾಲೇಜು ತಂಡಗಳಲ್ಲೂ ರಿಪೋರ್ಟು, ಪ್ರೆಸೆಂಟೇಶನ್ನು ಹುಡುಗಿಯರಿಗೆ, ಸ್ಟೀರಿಂಗು ಹುಡುಗರಿಗೆ ಅನ್ನೋದು ಯಾರೂ ಬರೆದಿಡದ ನಿಯಮ. ಹುಡುಗ ಬಿದ್ದರೆ "ಕಲೀತಾನೆ ಬಿಡಿ", ಹುಡುಗಿ ಬಿದ್ದರೆ "ಮೊದಲೇ ಹೇಳಿರಲಿಲ್ವಾ?"

ಈ ಸೆಮಿಸ್ಟರ್‌ನಿಂದ ಎಲ್ಲರಿಗೂ ಸಮನಾಗಿ ಟೆಸ್ಟ್ ಡ್ರೈವ್ ಗಂಟೆ ಹಂಚೋಣ. ಆಮೇಲೆ ಲ್ಯಾಪ್ ಟೈಮ್ ನೋಡಿ ಡ್ರೈವರ್ ಆರಿಸೋಣ. ಸ್ಟಾಪ್‌ವಾಚಿಗೆ ಗಂಡು, ಹೆಣ್ಣು ಗೊತ್ತಾಗಲ್ಲ.