ಕೇಳುವ ಕಿವಿಯಿಲ್ಲದಾಗ

ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ಮನೆಯ ಹಿರಿಯರ ಕಣ್ಣಿಗೆ ಅದು ಕೂಡಲೇ ಬೀಳುತ್ತದೆ. ಒಂದು ಗದರಿಕೆಯೊಡನೆ ದೀಪ ಆರುತ್ತದೆ. ನಲ್ಲಿ ತೊಟ್ಟಿಕ್ಕಿದರೆ ಕಿವಿ ಹೇಳುತ್ತದೆ. ಆದರೆ ಹಾಡು ನಿಂತ ಮೇಲೂ ವಿದ್ಯುತ್ತನ್ನು ಕುಡಿಯುತ್ತಲೇ ಇರುವ ಪೆಟ್ಟಿಗೆಯ ಸುಳಿವು ಕಣ್ಣಿಗೂ ಹತ್ತುವುದಿಲ್ಲ, ಕಿವಿಗೂ ಹತ್ತುವುದಿಲ್ಲ. ಲ್ಯಾಪ್‌ಟಾಪಿನಿಂದ ಇಯರ್‌ಫೋನಿನ ತಂತಿಯನ್ನು ಕಿತ್ತು ಸುತ್ತಿಟ್ಟವರು ಸದ್ದಿನೊಡನೆ ಅದರ ಖರ್ಚೂ ಮುಗಿಯಿತೆಂದು ಭಾವಿಸುವುದು ಸಹಜ. ಮೌನ ಬೇರೆ, ವಿಶ್ರಾಂತಿ ಬೇರೆ ಎಂಬ ಮಾತು ಯಂತ್ರಗಳ ಲೋಕಕ್ಕೂ ಸಲ್ಲುತ್ತದೆ.

ಸದ್ದಿಲ್ಲದಿರುವಾಗ ಖರ್ಚೇಕೆ? ಕ್ಷೀಣವಾದ ಧ್ವನಿಸಂಕೇತವನ್ನು ಕಿವಿಗೆ ಕೇಳುವಷ್ಟು ಬಲಪಡಿಸುವುದು ವರ್ಧಕದ ಕೆಲಸ. ಅದರೊಳಗಿನ ಟ್ರಾನ್ಸಿಸ್ಟರುಗಳು ಗಾಢ ನಿದ್ರೆಯಲ್ಲಿದ್ದರೆ ಮೆಲುದನಿ ಅವನ್ನು ಎಬ್ಬಿಸಲಾರದು. ಸ್ವರ ಒಡೆದು ಕೇಳುತ್ತದೆ. ಆದಕಾರಣ ಸಂಕೇತ ಬರಲಿ, ಬಾರದಿರಲಿ, ಅವುಗಳಲ್ಲಿ ಒಂದಿಷ್ಟು ಪ್ರವಾಹವನ್ನು ಸದಾ ಹರಿಯಗೊಡುವುದು ವಾಡಿಕೆ. ‘ಎ’ ವರ್ಗದ ವರ್ಧಕವಂತೂ ಗಟ್ಟಿಯಾದ ಹಾಡಿಗೂ ಪೂರ್ಣ ಮೌನಕ್ಕೂ ಹೆಚ್ಚುಕಡಮೆ ಒಂದೇ ಪ್ರಮಾಣದ ವಿದ್ಯುತ್ತನ್ನು ಎಳೆಯುತ್ತದೆ. ಪಾತ್ರೆಯಿಲ್ಲದ ಒಲೆಯಲ್ಲಿ ಸೌದೆ ಉರಿದಂತೆ!

ಕಿಸೆಯಲ್ಲಿ ಹಿಡಿಸುವ ಟ್ರಾನ್ಸಿಸ್ಟರ್ ರೇಡಿಯೋ ಅಮೆರಿಕದಲ್ಲಿ 1954ರಲ್ಲಿ ಮಾರಾಟಕ್ಕೆ ಬಂದಿತು. ಅಂತಹ ಪುಟ್ಟ ರೇಡಿಯೋಗಳ ಜಾಕಿನೊಳಗೆ ಒಂದು ಲೋಹದ ಎಸಳಿರುತ್ತಿತ್ತು. ಇಯರ್‌ಫೋನನ್ನು ಚುಚ್ಚಿದೊಡನೆ ಎಸಳು ಸರಿದು ಸ್ಪೀಕರು ಮೌನವಾಗುತ್ತಿತ್ತು; ಕಿತ್ತೊಡನೆ ಮತ್ತೆ ಹಾಡುತ್ತಿತ್ತು. ಧ್ವನಿಯ ದಾರಿಯನ್ನು ತಿರುಗಿಸುವುದಷ್ಟೇ ಆ ಎಸಳಿಗೆ ತಿಳಿದಿದ್ದ ವಿದ್ಯೆ. ಖರ್ಚನ್ನು ನಿಲ್ಲಿಸಬೇಕಾದರೆ ಮನುಷ್ಯನ ಬೆರಳು ಗುಂಡಿಯನ್ನು ತಿರುಗಿಸಲೇಬೇಕಾಗಿತ್ತು.

ಇಂದಿನ ಫೋನುಗಳಲ್ಲಿಯೂ ಲ್ಯಾಪ್‌ಟಾಪುಗಳಲ್ಲಿಯೂ ಆ ಎಸಳಿನ ಕೆಲಸಕ್ಕೆ ಬುದ್ಧಿಯೂ ಕೂಡಿಕೊಂಡಿದೆ. ಜಾಕು ಬರಿದಾದೊಡನೆ ಆ ಸುದ್ದಿ ಒಳಗಿನ ಧ್ವನಿ ಚಿಪ್ಪಿಗೆ ಮುಟ್ಟುತ್ತದೆ. ಆಂಡ್ರಾಯ್ಡ್ ಫೋನುಗಳಿಗೆ ಬುನಾದಿಯಾಗಿರುವ ಲಿನಕ್ಸಿನಲ್ಲಿ ಇದಕ್ಕೆಂದೇ ಒಂದು ಏರ್ಪಾಡುಂಟು. ಅದರ ತತ್ತ್ವ ಸರಳ. ಕೆರೆಯ ತೂಬಿನಿಂದ ಗದ್ದೆಯವರೆಗೆ ಕಾಲುವೆ ಹರಿಯುತ್ತದೆ. ಕಡೆಯಲ್ಲಿ ಗದ್ದೆಯೇ ಇಲ್ಲದಿದ್ದರೆ ತೂಬನ್ನು ತೆರೆಯುವುದು ವ್ಯರ್ಥ. ಹಾಗೆಯೇ ಹಾಡಿನ ಮೂಲದಿಂದ ಕಿವಿಯವರೆಗಿನ ಹಾದಿ ಎಲ್ಲಿಯಾದರೂ ಕಡಿದಿದ್ದರೆ, ಆ ಹಾದಿಗಷ್ಟೇ ಬೇಕಾಗಿದ್ದ ಘಟ್ಟಗಳೆಲ್ಲ ಆರುತ್ತವೆ: ಅಂಕಿಗಳನ್ನು ಧ್ವನಿಸಂಕೇತವಾಗಿಸುವ ಘಟ್ಟ, ಅದನ್ನು ಬೆರೆಸುವ ಘಟ್ಟ, ಕೊನೆಯ ವರ್ಧಕ. ಇಯರ್‌ಫೋನಿನ ಮೈಕಿಗೆ ಒದಗಿಸುತ್ತಿದ್ದ ವಿದ್ಯುತ್ತೂ ನಿಲ್ಲುತ್ತದೆ. ತಂತಿ ಮತ್ತೆ ಬಂದೀತೇ ಎಂದು ನೋಡುವ ಬಾಗಿಲ ಕಾವಲುಗಾರನೊಬ್ಬ ಮಾತ್ರ ಅತ್ಯಲ್ಪ ಕೂಲಿಗೆ ಎಚ್ಚರವಾಗಿರುತ್ತಾನೆ.

ಉಳಿಯುವುದು ಎಷ್ಟು? ಫೋನಿನ ಧ್ವನಿ ಚಿಪ್ಪಿನದು ಮಿಲಿವ್ಯಾಟುಗಳ ಲೆಕ್ಕ, ಕೇಳಿದವರು ನಕ್ಕಾರು. ಆದರೆ ಒಬ್ಬ ಅತಿಥಿ ಎಚ್ಚರವಾಗಿದ್ದರೆ ಮನೆಮಂದಿಯೆಲ್ಲ ಮಲಗದಿರುವಂತೆ, ಧ್ವನಿ ವಿಭಾಗ ಎದ್ದು ಕುಳಿತಿದ್ದರೆ ಅದಕ್ಕೆ ತಾಳ ಹಾಕುವ ಗಡಿಯಾರವೂ ಅಂಕಿಗಳನ್ನು ಸಾಗಿಸುವ ವಿಭಾಗವೂ ಮಲಗುವಂತಿಲ್ಲ. ರಾತ್ರಿಯ ರೈಲಿನಲ್ಲಿ ಮಗ ಊರಿಗೆ ಬರುತ್ತಿರುವಾಗ, ನಿಲ್ದಾಣದಲ್ಲಿ ಕಾದ ತಂದೆಯ ಕರೆಗೆ ಫೋನು ಓಗೊಡುವುದೋ ಇಲ್ಲವೋ ಎಂಬುದು ಇಂತಹ ಸಣ್ಣ ಸಣ್ಣ ಉಳಿತಾಯಗಳ ಕೂಡಿಕೆಯಿಂದಲೇ ನಿರ್ಧಾರವಾಗುತ್ತದೆ.

ಹಾಗಾದರೆ ಎಲ್ಲ ಯಂತ್ರಗಳೂ ತಟ್ಟನೆ ಮಲಗಿಬಿಡಬಾರದೇಕೆ? ಇದಕ್ಕೊಂದು ತೊಡಕುಂಟು. ವರ್ಧಕವನ್ನು ಒಮ್ಮೆಲೇ ಎಬ್ಬಿಸಿದರೆ, ಒಮ್ಮೆಲೇ ಮಲಗಿಸಿದರೆ, ವಿದ್ಯುತ್ತಿನ ಮಟ್ಟ ಹಠಾತ್ತನೆ ಜಿಗಿದು ‘ಟಪ್’ ಎಂಬ ಸದ್ದು ಕಿವಿಗೆ ಬಡಿಯುತ್ತದೆ. ನಿಧಾನವಾಗಿ ಎಬ್ಬಿಸಹೊರಟರೆ ಹಾಡಿನ ಮೊದಲ ಅಕ್ಷರವೇ ನುಂಗಿಹೋದೀತು. ಆದ್ದರಿಂದ ಅನೇಕ ಯಂತ್ರಗಳು ಸದ್ದು ನಿಂತ ಮೇಲೆ ಕೆಲವು ಸೆಕೆಂಡು ಕಾದು, ಆಮೇಲೆ ಮಲಗುತ್ತವೆ. ಆ ‘ಟಪ್’ ಸದ್ದನ್ನು ಸಹಿಸಲಾರದೆ ಈ ಉಳಿತಾಯವನ್ನೇ ತಡೆದಿಡುವವರೂ ಉಂಟು.

ಮನೆಯ ಯಜಮಾನರೂ ಗೃಹಿಣಿಯರೂ ಗಮನಿಸಬೇಕಾದದ್ದು ಇನ್ನೊಂದಿದೆ. ಮೇಜಿನ ಮೇಲಿನ ಸ್ಪೀಕರಿಗೆ ಗೋಡೆಯಿಂದಲೇ ವಿದ್ಯುತ್ತು ಬರುತ್ತಿದ್ದರೆ, ಕಂಪ್ಯೂಟರಿನಿಂದ ಅದರ ತಂತಿಯನ್ನು ಕಿತ್ತ ಮಾತ್ರಕ್ಕೆ ಅದು ಮಲಗುವುದೆಂಬ ಭರವಸೆಯಿಲ್ಲ. ಕಂಪ್ಯೂಟರು ತನ್ನ ಕಡೆಯ ತೂಬನ್ನು ಮುಚ್ಚೀತು. ಸ್ಪೀಕರಿನ ವರ್ಧಕ ಮಾತ್ರ ಬಾರದ ಹಾಡಿಗೆ ಕಾದು ಕುಳಿತಿರುತ್ತದೆ. ಅಂತಹ ಸ್ಪೀಕರು 3 ವ್ಯಾಟ್ ಎಳೆಯುವುದೆಂದು ಇಟ್ಟುಕೊಂಡರೂ, ಹಗಲಿರುಳು ಬಿಟ್ಟರೆ ವರ್ಷಕ್ಕೆ 26 ಯೂನಿಟ್ಟಿಗೂ ಹೆಚ್ಚು ಪೋಲಾಗುತ್ತದೆ. ಲಕ್ಷ ಮನೆಗಳಲ್ಲಿ ಹೀಗಾದರೆ ಅದು 26 ಲಕ್ಷ ಯೂನಿಟ್ಟು! ಐರೋಪ್ಯ ಒಕ್ಕೂಟ ಇಂತಹ ಹನಿಗಳನ್ನು ಎಣಿಸಿಯೇ 2008ರಲ್ಲಿ ನಿಯಮವೊಂದನ್ನು ಮಾಡಿತು. ಮನೆ ಮತ್ತು ಕಚೇರಿಯ ಉಪಕರಣಗಳು ಆರಿಸಿದ ಮೇಲೆ ಎಳೆಯಬಹುದಾದ ವಿದ್ಯುತ್ತಿಗೆ 2010ರಿಂದ 1 ವ್ಯಾಟ್, 2013ರಿಂದ ಅರ್ಧ ವ್ಯಾಟ್ ಎಂಬ ಮಿತಿ ಗೊತ್ತಾಯಿತು.

ನಮ್ಮ ಮನೆಗಳ ಗೋಡೆಯಲ್ಲಿ ಒಂದು ಅನುಕೂಲ ಮೊದಲಿನಿಂದಲೂ ಇದೆ: ಬಹುಮಟ್ಟಿಗೆ ಪ್ರತಿಯೊಂದು ಪ್ಲಗ್ಗಿನ ಪಕ್ಕದಲ್ಲಿಯೂ ಒಂದು ಸ್ವಿಚ್ಚು. ಚಿಪ್ಪಿನೊಳಗಿನ ಖರ್ಚನ್ನು ಚಿಪ್ಪು ನೋಡಿಕೊಳ್ಳುತ್ತದೆ. ಸ್ಪೀಕರಿನ ತಂತಿಯನ್ನು ಕೀಳುವ ಕೈ ಇನ್ನೊಂದು ಗೇಣು ಮುಂದೆ ಹೋಗಿ ಆ ಸ್ವಿಚ್ಚನ್ನೂ ಮುಟ್ಟಿದರೆ ಉಳಿದ ಲೆಕ್ಕ ಚುಕ್ತಾ.