ಮೈಲಾರಯ್ಯನ ಕುದುರೆಗೆ ಯಾವ ರಾಜ್ಯದ ನಂಬರ್ ಪ್ಲೇಟು?

ಚಂಪಾ ಷಷ್ಠಿ ಹತ್ತಿರ ಬಂತಂದ್ರೆ ಸಾಕು, ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ಕೂತ ನಮ್ಮ ಬೀದರ್ ಹುಡುಗರ ವಾಟ್ಸಾಪ್ ಗ್ರೂಪುಗಳಲ್ಲಿ ಜಗಳ ಶುರು. ಭಾಲ್ಕಿ ತಾಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣ ಯಾರವನು? 'ಅಪ್ಪಟ ಕನ್ನಡದ ವೀರ, ಮರಾಠಿಯವರು ಖಂಡೋಬಾ ಅಂತ ಹೆಸರಿಟ್ಟು ಒಯ್ದರು' ಅಂತ ಒಬ್ಬ. ಔರಾದ್ ಕಡೆಯವನು ಇದನ್ನೇ ಉಲ್ಟಾ ಹೇಳ್ತಾನೆ. ಕೊಮುರವೆಲ್ಲಿ ಮಲ್ಲನ್ನನ ಫೋಟೋ ಹಾಕಿ ಮೂರನೆಯವನು ಬೆಂಕಿಗೆ ಎಣ್ಣೆ ಸುರೀತಾನೆ.

ಕತೆ ಪೂರ್ತಿ ಕೇಳಿದವರು ಈ ಜಗಳ ಆಡೋದಿಲ್ಲ ರೀ.

ಮೂರೂ ಕಡೆ ವೀರನಿಗೆ ಇಬ್ಬರು ಹೆಂಡಿರು. ಒಬ್ಬಾಕೆ ಲಿಂಗಾಯತ ವ್ಯಾಪಾರಿಗಳ ಮನೆಯವಳು, ಇನ್ನೊಬ್ಬಾಕೆ ಕುರಿ ಕಾಯೋರ ಮಗಳು. ಮರಾಠಿಯಲ್ಲಿ ಮ್ಹಾಳಸಾ, ಬಾಣಾಯಿ. ತೆಲುಗಿನಲ್ಲಿ ಮೇಡಲಮ್ಮ, ಗೊಲ್ಲ ಕೇತಮ್ಮ. ನಮ್ಮ ಗೊರವಯ್ಯನ ಕೈಯಲ್ಲಿರುವ ಡಮರುಗವೇ ತೆಲಂಗಾಣದಲ್ಲಿ 'ಒಗ್ಗು'. ಒಗ್ಗು ಕಥೆಗೆ ಹೆಸರು ಬಂದದ್ದೇ ಅದರಿಂದ. 1956ರಲ್ಲಿ ಹಳೇ ಬೀದರ್ ಜಿಲ್ಲೆ ಮೂರು ಪಾಲಾಯಿತು. ಉದಗೀರ್ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್ ಆಂಧ್ರಕ್ಕೆ, ಭಾಲ್ಕಿ-ಔರಾದ್ ಮೈಸೂರಿಗೆ. ಗೆರೆ ಎಳೆದದ್ದು ನಕ್ಷೆಯ ಮೇಲೆ. ಹಾಡಿನ ಮೇಲೂ ಎಳೀತಿರೋರು ನಾವು.

ಮಂಗೋಲಿಯಾ ಕಡೆ ಸ್ವಲ್ಪ ನೋಡಿ. ಅಲ್ಲಿನ ಮೌಖಿಕ ಕಾವ್ಯಗಳಲ್ಲೂ ಒಡೆಯನಿಗೆ ಬುದ್ಧಿ ಹೇಳುವ ಕುದುರೆ, 'ಮಂಗಸ್' ಎಂಬ ಹಲವು ತಲೆಯ ರಕ್ಕಸ, ದೂರದೂರಿನ ಹೆಣ್ಣು ಮತ್ತೆ ಮತ್ತೆ ಬರ್ತಾರೆ. ಅವರ ಗೆಸೆರ್ ಟಿಬೆಟ್ಟಿನವರಿಗೂ ವೀರ, ಬೈಕಲ್ ಸರೋವರದ ಬುರಿಯಾತರಿಗೂ ವೀರ. ಮಂಗೋಲ್ ಭಾಷೆಯ ಗೆಸೆರ್ ಕತೆ 1716ರಲ್ಲೇ ಬೀಜಿಂಗ್‌ನಲ್ಲಿ ಅಚ್ಚಾಗಿದೆ. ಅದರಿಂದ ಟಿಬೆಟ್ಟಿನ ಕತೆ ಬಡವಾಗಲಿಲ್ಲ.

'ಹಾಗಾದ್ರೆ ಎಲ್ಲಾ ಒಂದೇ ಅಂತೀಯಾ?' ಅಂತ ಕೇಳಬಹುದು. ಖಂಡಿತ ಇಲ್ಲ. ಹೂವಿನಹಡಗಲಿಯ ಮೈಲಾರದಲ್ಲಿ ಗೊರವಯ್ಯ ಬಿಲ್ಲು ಹತ್ತಿ ಕಾರಣಿಕ ನುಡಿಯೋದು ಬೇರೆ, ಕೊಮುರವೆಲ್ಲಿಯಲ್ಲಿ ಬಣ್ಣದ ಪುಡಿಯಲ್ಲಿ ಪಟ್ನಂ ಬರೆಯೋದು ಬೇರೆ, ಜೇಜುರಿಯಲ್ಲಿ ಭಂಡಾರದ ಮಳೆ ಸುರಿಯೋದು ಬೇರೆ. ಆ ವ್ಯತ್ಯಾಸ ಕಾಣಬೇಕಾದರೂ ಮೂರನ್ನೂ ಪಕ್ಕಪಕ್ಕ ಇಡಬೇಕು. ನಮ್ಮ ಗಡಿಯ ಹಾಡುಗಾರ ಒಂದೇ ರಾತ್ರಿಯಲ್ಲಿ ಕನ್ನಡದಿಂದ ಮರಾಠಿಗೆ ಹೊರಳಿದಾಗ 'ಶುದ್ಧ ಕನ್ನಡ' ಬೇಕೆಂದು ರೆಕಾರ್ಡಿಂಗ್ ನಿಲ್ಲಿಸಿದರೆ, ಕಳೆದುಹೋಗೋದು ಅರ್ಧ ಮೈಲಾರ.

ಮೊಂಡರಿಗೆ ಕೊನೇ ಮಾತು. ಸಂಸ್ಕೃತದ ಮಲ್ಲಾರಿ ಮಾಹಾತ್ಮ್ಯದ ಪ್ರಕಾರ, ಸೋತ ಮಣಿ ಎಂಬ ದೈತ್ಯ ಸಾಯುವ ಮುನ್ನ ತನ್ನ ಬಿಳಿ ಕುದುರೆಯನ್ನು ದೇವರಿಗೆ ಕೊಟ್ಟು, ನಿನ್ನ ಗುಡಿಯಲ್ಲಿ ನನಗೂ ಜಾಗ ಕೊಡು ಅಂತ ಬೇಡಿಕೊಂಡ. ದೇವರು ಕೊಟ್ಟ. ವೈರಿಯ ಕುದುರೆ ಹತ್ತಿದವನಿಗೆ ನಾವು ಕೆಎ 38 ಪ್ಲೇಟು ಬಡೀತಿದ್ದೇವೆ! ಈ ಸಲ ಖಾನಾಪುರಕ್ಕೆ ಹೋದರೆ ಸೆಲ್ಫಿ ಸಾಕು. ಹಾಡುವವರ ಒಪ್ಪಿಗೆ ಕೇಳಿ, ಕೈಗೆ ನಾಲ್ಕು ಕಾಸು ಕೊಟ್ಟು, ಯಾವ ಭಾಷೆಯಲ್ಲಿ ಹಾಡಿದರೂ ಕೊನೇತನಕ ರೆಕಾರ್ಡ್ ಮಾಡಿಕೊಂಡು ಬನ್ನಿ.