ವೈದ್ಯಕೀಯ ಉಪಕರಣಗಳ ಮಾಹಿತಿ: ಕೀಲಿ ಯಾರ ಬಳಿ?

ಹೃದಯಬಡಿತವನ್ನು ಸರಿಪಡಿಸಲು ದೇಹದೊಳಗೆ ಅಳವಡಿಸುವ ಉಪಕರಣಗಳು ರೋಗಿಯ ಮಾಹಿತಿಯನ್ನು ನಿಸ್ತಂತುವಾಗಿ ರವಾನಿಸುತ್ತವೆ. ಮೆಡ್‌ಟ್ರಾನಿಕ್ ಕಂಪನಿಯ ಇಂತಹ ಕೆಲವು ಉಪಕರಣಗಳ ಸಂವಹನದಲ್ಲಿ ಗೂಢಲಿಪೀಕರಣವಾಗಲಿ, ಸಂಪರ್ಕಿಸುವವರ ದೃಢೀಕರಣವಾಗಲಿ ಇಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2019ರ ಮಾರ್ಚ್‌ನಲ್ಲಿ ಎಚ್ಚರಿಸಿತು. ಆದರೂ ಬಳಕೆ ನಿಲ್ಲಿಸಲು ಸೂಚಿಸಲಿಲ್ಲ. ದೂರದಿಂದ ನಿಗಾ ವಹಿಸುವ ಪ್ರಯೋಜನವು ಅಪಾಯಕ್ಕಿಂತ ಹೆಚ್ಚೆಂದು ಪರಿಗಣಿಸಿತು.

ಗೂಢಲಿಪೀಕರಣಗೊಂಡ ಮಾಹಿತಿಯನ್ನು ಕೀಲಿಯುಳ್ಳವರು ಮಾತ್ರ ಓದಬಲ್ಲರು. ಒಂದೇ ಕೀಲಿಯನ್ನು ಎಲ್ಲ ಸಿಬ್ಬಂದಿಗೂ ನೀಡಿದಲ್ಲಿ ಅದು ಹೆಸರಿಗಷ್ಟೇ ರಕ್ಷಣೆ. ವೈದ್ಯರಿಗೂ ಬಿಲ್ ವಿಭಾಗಕ್ಕೂ ಅವರವರ ಕರ್ತವ್ಯಕ್ಕೆ ಬೇಕಾದಷ್ಟೇ ತೆರೆಯತಕ್ಕದ್ದು. ತುರ್ತು ಸಂದರ್ಭದಲ್ಲಿ ಅಪರಿಚಿತ ವೈದ್ಯರಿಗೂ ಪ್ರವೇಶ ಬೇಕಾಗುತ್ತದೆ. ನಿಜವಾದ ತೊಡಕು ಇಲ್ಲಿಯೇ.

ಭಾರತದಲ್ಲಿ 14 ಅಂಕಿಗಳ ಆಭಾ ಸಂಖ್ಯೆಗೆ ಜೋಡಿಸಿದ ಆರೋಗ್ಯ ದಾಖಲೆಗಳ ಹಂಚಿಕೆಗೆ ರೋಗಿಯ ಸಮ್ಮತಿ ಅವಶ್ಯ. ಅರ್ಜಿದಾರರು ಸಮ್ಮತಿಯ ಉದ್ದೇಶವನ್ನೂ ಅವಧಿಯನ್ನೂ ಮೊದಲೇ ಪರಿಶೀಲಿಸುವುದು. ನೀಡಿದ ಸಮ್ಮತಿಯನ್ನು ಹಿಂಪಡೆಯಲೂ ಅವಕಾಶವಿದೆ.